ವತರಸೆಯ ಕಲ್ಲುಗಳು

ಜಪಾನಿನ ತೋಕಿಯೋ ನಗರಕ್ಕೆ ಉತ್ತರದಲ್ಲಿರುವ ಆಶಿಯೋ ಬೆಟ್ಟಗಳಿಂದ ವತರಸೆ ಎಂಬ ನದಿಯೊಂದು ಇಳಿದು ಬಂದು, ಬಯಲಿನಲ್ಲಿ ತೋನೆ ನದಿಯನ್ನು ಕೂಡುತ್ತದೆ. ಬೆಟ್ಟವನ್ನು ಬಿಡುವ ಮುನ್ನ ಅದು ಕೊರೆದಿರುವ ಕಮರಿ ಬಹು ಚೆಲುವಾದುದು. ನೀರಿನಲ್ಲಿ ತಿಕ್ಕಿ ನುಣುಪಾದ ಬಿಳಿಯ ಗ್ರಾನೈಟ್ ಗುಂಡುಗಳ ನಡುವೆ ಹೊಳೆ ಹಸುರಾಗಿ ಹರಿಯುತ್ತದೆ. 'ಸಕುರಾ ಇಶಿ', ಎಂದರೆ ಚೆರಿಹೂವಿನ ಕಲ್ಲು ಎಂಬ ವಿಚಿತ್ರ ಶಿಲೆಯೂ ಅಲ್ಲುಂಟು. ಭೂಗರ್ಭದಿಂದ ಉಕ್ಕಿದ ಶಿಲಾರಸದ ಕಾವಿಗೆ ಹಳೆಯ ಜೇಡಿಶಿಲೆ ಬೆಂದಾಗ ಮೂಡಿದ ಹರಳುಗಳು, ಕಲ್ಲಿನ ಮೈಯಲ್ಲಿ ಹೂವಿನ ಎಸಳುಗಳಂತೆ ತೋರುತ್ತವೆ.

ಈ ಬೆಟ್ಟಗಳ ಬೆಂಕಿಶಿಲೆಯಲ್ಲಿ ತಾಮ್ರದ ಎಳೆಗಳೂ ಇದ್ದವು. 1610ರಲ್ಲಿ ಇಬ್ಬರು ರೈತರು ಅದನ್ನು ಕಂಡರೆಂಬುದು ಪ್ರತೀತಿ. ತೋಕುಗಾವಾ ದೊರೆಗಳು ಅಲ್ಲಿ ಗಣಿ ನಡೆಸಿದರು. ಆ ತಾಮ್ರ ನಾಗಸಾಕಿಯ ಬಂದರಿನಿಂದ ಡಚ್ಚರ ಹಡಗುಗಳನ್ನೂ ಏರಿತು. ಕ್ರಮೇಣ ಕ್ಷೀಣಿಸಿದ್ದ ಈ ಗಣಿಯನ್ನು 1877ರಲ್ಲಿ ಫುರುಕಾವಾ ಇಚಿಬೆಯಿ ಎಂಬ ವರ್ತಕ ಕೊಂಡನು. ಕೆಲವೇ ವರ್ಷಗಳಲ್ಲಿ ಸಮೃದ್ಧವಾದ ಹೊಸ ಎಳೆಗಳು ದೊರೆತವು. ಒಂದು ಕಾಲಕ್ಕೆ ದೇಶದ ತಾಮ್ರದಲ್ಲಿ ಸುಮಾರು ಶೇಕಡ 40ರಷ್ಟು ಆಶಿಯೋದಿಂದಲೇ ಬರುತ್ತಿತ್ತು. ರಾಷ್ಟ್ರ ಅದನ್ನು ಪ್ರಗತಿಯೆಂದು ಎಣಿಸಿತು.

ಆದರೆ ನದಿಗೆ ಬೆಟ್ಟವೂ ಬಯಲೂ ಒಂದೇ. ಕುಲುಮೆಗಳ ಸೌದೆಗೂ ಸುರಂಗಗಳ ಆಸರೆಗೂ ಮರಗಳು ಉರುಳಿದವು. ಉಳಿದ ಹಸುರನ್ನು ಗಂಧಕದ ಹೊಗೆ ಸುಟ್ಟಿತು. ಬೋಳಾದ ಬೆಟ್ಟ ಮಳೆಯನ್ನು ಹಿಡಿದಿಡಲಾರದೆ ಹೋಯಿತು. ಹಿಂದೆ ನೆರೆ ಬಂದರೆ ಗದ್ದೆಗಳಿಗೆ ಗೊಬ್ಬರದಂತಹ ಮೆಕ್ಕಲು ಬರುತ್ತಿತ್ತು. 1890ರ ಮತ್ತು 1896ರ ಮಹಾಪೂರಗಳು ಅದೇ ಗದ್ದೆಗಳಿಗೆ ಗಣಿಯ ವಿಷವನ್ನು ಹರಡಿದವು. ಮೇಲ್ಗಡೆ, ಹೊಗೆಗೆ ತುತ್ತಾದ ಮತ್ಸುಕಿ ಎಂಬ ಹಳ್ಳಿ 1902ರ ವೇಳೆಗೆ ಬರಿದಾಯಿತು.

ಬಯಲಿನ ಈ ಸಂಕಟಕ್ಕೆ ಬಾಯಾದವನು ತನಕಾ ಶೋಝೋ. 1890ರ ಪ್ರಥಮ ಸಂಸತ್ತಿಗೆ ಆಯ್ಕೆಯಾದ ಈತ ವರ್ಷಗಟ್ಟಲೆ ಸಭೆಯಲ್ಲಿ ಪ್ರಶ್ನಿಸಿದನು. ರಾಜಧಾನಿಗೆ ಅಹವಾಲು ಒಯ್ಯಲು ಹೊರಟ ರೈತರನ್ನು 1900ರ ಫೆಬ್ರವರಿಯಲ್ಲಿ ಪೊಲೀಸರು ಹೊಡೆದು ಬಂಧಿಸಿದರು. ಮರುವರ್ಷ ಸದಸ್ಯತ್ವವನ್ನು ತ್ಯಜಿಸಿದ ತನಕಾ, 1901ರ ಡಿಸೆಂಬರ್ 10ರಂದು ಬಿನ್ನವತ್ತಳೆಯೊಂದನ್ನು ಹಿಡಿದು ಚಕ್ರವರ್ತಿಯ ಸಾರೋಟಿನತ್ತ ಧಾವಿಸಿದನು. ಕಾವಲಿನವರು ತಡೆದರು. ಸರಕಾರ ಅದನ್ನು ಹುಚ್ಚನ ವರ್ತನೆಯೆಂದು ತಳ್ಳಿಹಾಕಿ ಆತನನ್ನು ಬಿಟ್ಟುಬಿಟ್ಟಿತು.

ಸರಕಾರ ಕಂಡುಕೊಂಡ ಪರಿಹಾರವಾದರೂ ಏನು? ನೆರೆಯ ನೀರನ್ನು ತಡೆದು ನಿಲ್ಲಿಸಲು ಯಾನಕಾ ಎಂಬ ಹಳ್ಳಿಯನ್ನೇ ಅಳಿಸುವುದು! ಬಿಟ್ಟುಹೋಗಲೊಪ್ಪದ 16 ಮನೆಗಳನ್ನು 1907ರಲ್ಲಿ ಕೆಡವಲಾಯಿತು. ಅಲ್ಲಿಯೇ ಬಂದು ನೆಲಸಿದ್ದ ತನಕಾ ಆ ಜನರನ್ನು ಬಿಡಲಿಲ್ಲ. ನದಿಗಳ ಜಾಡು ಹಿಡಿದು ನಡೆಯುತ್ತಲೇ ಇದ್ದು, 1913ರಲ್ಲಿ ತೀರಿಕೊಂಡನು.

ಗಣಿ 1973ರಲ್ಲಿ ಮುಚ್ಚಿತು. ಮರುವರ್ಷ ಕಂಪೆನಿ ರೈತರಿಗೆ 155 ಕೋಟಿ ಯೆನ್ ತೆರಲು ಒಪ್ಪಿತು. ಮೊದಲ ಮೊರೆಯಿಂದ ಆ ಒಪ್ಪಂದದವರೆಗೆ ಎಂಟು ದಶಕಗಳೇ ಸಂದಿದ್ದವು. ಇಂದು ಬೋಳುಬೆಟ್ಟಗಳಲ್ಲಿ ಸಸಿ ನೆಡುವ ಕೆಲಸ ನಡೆದಿದೆ. ಶರತ್ಕಾಲದ ಕೆಂಪೆಲೆಗಳನ್ನು ನೋಡಲು ಪ್ರವಾಸಿಗರು ಪುಟ್ಟ ರೈಲಿನಲ್ಲಿ ಕಮರಿಯುದ್ದಕ್ಕೂ ಸಾಗುತ್ತಾರೆ.

ತಾಮ್ರವನ್ನು ಟನ್ನುಗಳಲ್ಲಿ ತೂಗಿದ ರಾಜ್ಯಕ್ಕೆ, ಬತ್ತದ ಒಂದು ತೆನೆ ಬಾಡಿದ್ದನ್ನು ಬರೆದಿಡಲು ಲೆಕ್ಕದ ಪುಸ್ತಕವಿರಲಿಲ್ಲ. ತನಕಾ ಸತ್ತಾಗ ಆತನ ಜೋಳಿಗೆಯಲ್ಲಿದ್ದ ಆಸ್ತಿಯೆಂದರೆ ದಿನಚರಿ, ದೇಶದ ಸಂವಿಧಾನ, ಬೈಬಲ್ಲಿನ ಹೊಸ ಒಡಂಬಡಿಕೆ, ಮತ್ತೆ ಮೂರು ಸಣ್ಣ ಕಲ್ಲುಗಳು. ನೆಲದಿಂದ ಮನುಷ್ಯ ಎತ್ತಿಕೊಳ್ಳಬಹುದಾದುದು ಎಷ್ಟು ಎಂಬ ಪ್ರಶ್ನೆಗೆ ಆ ಕಲ್ಲುಗಳಿಗಿಂತ ಒಳ್ಳೆಯ ಉತ್ತರ ವತರಸೆಯ ಚರಿತ್ರೆಯಲ್ಲಿಲ್ಲ.