ಕೌಮಾರಭೃತ್ಯದಲ್ಲಿ ಧಾತ್ರಿಯೂ ಶಿಶುವಿನ ಮನಸ್ಸೂ

ಆಯುರ್ವೇದದ ಎಂಟು ಅಂಗಗಳಲ್ಲಿ ಕೌಮಾರಭೃತ್ಯವೂ ಒಂದೆಂಬುದು ವಾಚಕರಿಗೆ ವಿದಿತವೇ ಆಗಿದೆ. ಈ ಅಂಗದ ವಿಷಯದಲ್ಲಿ ಎರಡು ಬಗೆಯ ಅಭಿಪ್ರಾಯಗಳು ಬಳಕೆಯಲ್ಲಿವೆ. ಸ್ಕಂದ, ಶಕುನಿ, ರೇವತಿ, ಪೂತನೆ ಮೊದಲಾದ ಬಾಲಗ್ರಹಗಳ ಹೆಸರನ್ನು ಕಂಡೊಡನೆ ಇದೆಲ್ಲವೂ ಮೂಢನಂಬಿಕೆಯೆಂದು ಪುಟವನ್ನು ಮಗುಚುವವರು ಒಂದು ಕಡೆ. ಶಿಶುಗಳ ಮನಸ್ಸನ್ನು ಕುರಿತು ಇಪ್ಪತ್ತನೆಯ ಶತಮಾನದಲ್ಲಿ ಪಾಶ್ಚಾತ್ಯರು ಕಂಡುಕೊಂಡುದೆಲ್ಲವೂ ನಮ್ಮ ಸಂಹಿತೆಗಳಲ್ಲಿ ಮೊದಲೇ ಇತ್ತೆಂದು ಸಾಧಿಸಹೊರಡುವವರು ಇನ್ನೊಂದು ಕಡೆ. ಈ ಇಬ್ಬರ ಓದಿನಲ್ಲಿಯೂ ಸಮಾನವಾದ ಒಂದು ಕೊರತೆಯುಂಟು. ಶಿಶುವಿನ ಮಗ್ಗುಲಲ್ಲಿ ಹಗಲಿರುಳೂ ಇರುವ ಹೆಂಗಸನ್ನು ಇಬ್ಬರೂ ಗಮನಿಸುವುದಿಲ್ಲ. ಅವಳೇ ಧಾತ್ರಿ, ಎಂದರೆ ಮೊಲೆಯೂಡಿಸಿ ಸಲಹುವ ದಾದಿ. ಅವಳಿಗೆ ಸಂಹಿತೆಗಳಲ್ಲಿ ದೊರೆತ ಸ್ಥಾನವೇನು, ಶಿಶುವಿನ ಮನಸ್ಸಿನ ವಿಷಯದಲ್ಲಿ ಅವಳಿಗೊಪ್ಪಿಸಿದ ಹೊಣೆಯೇನು, ಗ್ರಂಥಕಾರರು ಅವಳನ್ನು ಕುರಿತು ಎಲ್ಲಿ ಮೌನವಹಿಸಿದರು ಎಂಬುದನ್ನು ಪ್ರಕೃತ ಲೇಖನದಲ್ಲಿ ಪರಿಶೀಲಿಸಲು ಯತ್ನಿಸಿದೆ.

ಮೊದಲು ಲಕ್ಷಣವಾಕ್ಯವನ್ನೇ ನೋಡಬಹುದು. ಸುಶ್ರುತಸಂಹಿತೆಯ ಸೂತ್ರಸ್ಥಾನದ ಮೊದಲನೆಯ ಅಧ್ಯಾಯದಲ್ಲಿ ಕೌಮಾರಭೃತ್ಯದ ಪ್ರಯೋಜನಗಳನ್ನು ಹೇಳುವಾಗ, ಕುಮಾರನ ಪೋಷಣೆಯಾದ ಕೂಡಲೆ ಧಾತ್ರಿಯ ಹಾಲಿನ ದೋಷಗಳನ್ನು ಶೋಧಿಸುವ ಮಾತು ಬರುತ್ತದೆ. ಕೆಟ್ಟ ಹಾಲಿನಿಂದಲೂ ಗ್ರಹಗಳಿಂದಲೂ ಉಂಟಾಗುವ ವ್ಯಾಧಿಗಳ ಶಮನವು ಅದರ ತರುವಾಯದ್ದು. ಶಾಸ್ತ್ರದ ಒಂದು ಅಂಗದ ಲಕ್ಷಣದಲ್ಲಿಯೇ ಸೇವಕಿಯೊಬ್ಬಳು ಸೇರಿಕೊಂಡಿರುವುದು ಸಾಮಾನ್ಯವಾದ ಸಂಗತಿಯಲ್ಲ. ಚಿಕಿತ್ಸಾಕ್ರಮವೂ ಇದಕ್ಕೆ ಅನುಗುಣವಾಗಿಯೇ ಇದೆ. ಹಾಲನ್ನೇ ಕುಡಿಯುವ ಕೂಸಿಗೆ ರೋಗ ಬಂದರೆ ಔಷಧವನ್ನು ಧಾತ್ರಿಗೂ ಕೊಡಬೇಕು. ಹಾಲನ್ನೂ ಅನ್ನವನ್ನೂ ತೆಗೆದುಕೊಳ್ಳುವ ಮಗುವಿನ ವಿಷಯದಲ್ಲಿಯೂ ಹಾಗೆಯೇ. ಅನ್ನವನ್ನೇ ಉಣ್ಣುವ ವಯಸ್ಸಿಗೆ ಬಂದ ಮೇಲೆ ಮಾತ್ರ ಕಷಾಯಾದಿಗಳು ಮಗುವಿಗಷ್ಟೇ. ಔಷಧದ ಕಲ್ಕವನ್ನು ಮೊಲೆಗೆ ಲೇಪಿಸಿ ಕೂಸಿಗೆ ಊಡಿಸುವ ಕ್ರಮವನ್ನೂ ಸುಶ್ರುತನು ಹೇಳುವನು. ವೈದ್ಯನ ದೃಷ್ಟಿಯಲ್ಲಿ ಇಲ್ಲಿ ರೋಗಿಯು ಒಬ್ಬನಲ್ಲ, ಇಬ್ಬರು.

ಧಾತ್ರಿಯನ್ನು ಆರಿಸುವ ಪ್ರಕರಣವು ಚರಕಸಂಹಿತೆಯ ಶಾರೀರಸ್ಥಾನದ ಎಂಟನೆಯ ಅಧ್ಯಾಯದಲ್ಲಿಯೂ ಸುಶ್ರುತಸಂಹಿತೆಯ ಶಾರೀರಸ್ಥಾನದ ಹತ್ತನೆಯ ಅಧ್ಯಾಯದಲ್ಲಿಯೂ ಬಂದಿದೆ. ಸಮಾನವರ್ಣದವಳಾಗಿರಬೇಕು, ನಿರೋಗಿಯಾಗಿರಬೇಕು, ಕುಲೀನೆಯಾಗಿರಬೇಕು, ಚಪಲೆಯಾಗಿರಬಾರದು ಮುಂತಾದ ನಿಯಮಗಳು ಸಿರಿವಂತರ ಮನೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದವು. ವಾಸ್ತುವಿದ್ಯೆಯನ್ನು ಬಲ್ಲವನಿಂದ ಬೇರೆಯೇ ಒಂದು ಕುಮಾರಾಗಾರವನ್ನು ಕಟ್ಟಿಸಬೇಕೆಂದು ಹೇಳುವ ಚರಕನು ಒಕ್ಕಲಿನ ಗುಡಿಸಲನ್ನು ನೆನೆಯುತ್ತಿರಲಿಲ್ಲವೆಂಬುದು ಸ್ಪಷ್ಟ. ಆದರೆ ಈ ಲಕ್ಷಣಗಳ ಪಟ್ಟಿಯ ನಡುವೆ ವತ್ಸಲೆಯಾಗಿರಬೇಕೆಂಬ ಮಾತು ಎರಡು ಸಂಹಿತೆಗಳಲ್ಲಿಯೂ ಇದೆ. ಇದನ್ನು ಬರಿಯ ಶಿಷ್ಟಾಚಾರದ ಮಾತೆಂದು ಬಗೆಯಲಾಗದು. ಏಕೆಂದರೆ ಕೋಪ, ಶೋಕ, ವಾತ್ಸಲ್ಯವಿಲ್ಲದಿರುವಿಕೆ, ಇವುಗಳಿಂದ ಹೆಂಗಸಿನ ಮೊಲೆಹಾಲು ಬತ್ತಿಹೋಗುವುದೆಂದು ಸುಶ್ರುತನು ಕಾರಣಸಹಿತವಾಗಿ ಹೇಳಿರುವನು. ಹಾಲನ್ನು ಮರಳಿ ಹುಟ್ಟಿಸಬೇಕಾದಾಗ ಗೋದಿ, ಜವೆ ಮೊದಲಾದ ಪಥ್ಯಗಳಿಗಿಂತ ಮುಂಚೆ ಅವಳ ಮನಸ್ಸಿಗೆ ಪ್ರಸನ್ನತೆಯನ್ನುಂಟುಮಾಡತಕ್ಕದ್ದೆಂದು ವಿಧಿಸಿರುವನು. ಹಸಿದವಳು, ಶೋಕಾರ್ತಳು, ಬಳಲಿದವಳು ಕೂಸಿಗೆ ಹಾಲೂಡಿಸಲಾಗದು. ನಿದಾನಸ್ಥಾನದಲ್ಲಿ ಇನ್ನೂ ಸ್ವಾರಸ್ಯವಾದ ಒಂದು ಅಂಶವಿದೆ. ಮಗುವನ್ನು ಮುಟ್ಟಿದರೆ, ಕಂಡರೆ, ಕಡೆಗೆ ನೆನೆದರೂ ಸಾಕು, ಹಾಲು ತಾನಾಗಿ ಸ್ರವಿಸುವುದು. ಎಡೆಬಿಡದ ಸ್ನೇಹವೇ ಅದರ ಪ್ರವಾಹಕ್ಕೆ ಹೇತು. ಹೆತ್ತು ಸಾಕಿದ ಯಾವ ಹೆಂಗಸಾದರೂ ಇದನ್ನು ಬಲ್ಲಳು. ಶಾಸ್ತ್ರಕಾರನು ಅದನ್ನು ಕೇಳಿ ಬರೆದಿಟ್ಟುದು ಆತನ ಹೆಚ್ಚುಗಾರಿಕೆ. ಹೀಗೆ ಮನಸ್ಸಿನಿಂದ ಹಾಲಿಗೆ, ಹಾಲಿನಿಂದ ಕೂಸಿಗೆ ಒಂದು ದಾರಿಯನ್ನು ಅವರು ಕಂಡಿದ್ದರು.

ಮಾತು ಬಾರದ ಕೂಸಿನ ನೋವನ್ನು ಅರಿಯುವುದು ಹೇಗೆಂಬುದು ಮುಂದಿನ ಪ್ರಶ್ನೆ. ನೋವಿರುವ ಅವಯವವನ್ನು ಕೂಸು ಮತ್ತೆ ಮತ್ತೆ ಮುಟ್ಟಿಕೊಳ್ಳುವುದು, ಬೇರೆಯವರು ಅದನ್ನು ಮುಟ್ಟಿದರೆ ಅಳುವುದು ಎಂದು ಸುಶ್ರುತನು ಸಂಕ್ಷೇಪವಾಗಿ ಹೇಳಿ ಮುಂದೆ ಸಾಗುವನು. ಕಾಶ್ಯಪಸಂಹಿತೆಯಾದರೋ ಇದಕ್ಕೆಂದೇ ವೇದನಾಧ್ಯಾಯವೆಂಬ ಒಂದು ಅಧ್ಯಾಯವನ್ನು ಮೀಸಲಿಟ್ಟಿದೆ. ವೃದ್ಧಜೀವಕೀಯತಂತ್ರವೆಂಬ ಇನ್ನೊಂದು ಹೆಸರುಳ್ಳ ಈ ಗ್ರಂಥವು ಬಹುಕಾಲ ಹೆಸರಿನಿಂದ ಮಾತ್ರ ಪರಿಚಿತವಾಗಿತ್ತು. ನೇಪಾಳದ ರಾಜಗುರು ಪಂಡಿತ ಹೇಮರಾಜಶರ್ಮರಿಗೆ ದೊರೆತ ತ್ರುಟಿತವಾದ ತಾಳೆಯೋಲೆಯ ಪ್ರತಿಯನ್ನು ಆಧರಿಸಿ ೧೯೩೮ರಲ್ಲಿ ಮುಂಬಯಿಯ ನಿರ್ಣಯಸಾಗರ ಮುದ್ರಣಾಲಯದಲ್ಲಿ ಇದು ಅಚ್ಚಾಯಿತು. ತಲೆನೋವಿದ್ದರೆ ಕೂಸು ತಲೆಯನ್ನು ಬಹಳವಾಗಿ ಅಲ್ಲಾಡಿಸಿ ಕಣ್ಣುಮುಚ್ಚಿ ನರಳುವುದು. ಕಿವಿನೋವಿದ್ದರೆ ಎರಡು ಕೈಗಳಿಂದಲೂ ಕಿವಿಗಳನ್ನು ಮುಟ್ಟಿಕೊಳ್ಳುವುದು. ಹೊಟ್ಟೆಶೂಲೆಯಾದರೆ ಮೊಲೆಯನ್ನು ನೂಕಿ ಅಳುವುದು, ಹೊಟ್ಟೆ ಬಿಗಿದು ಮುಖ ಬೆವರುವುದು. ಜ್ವರದ ಪೂರ್ವರೂಪಗಳಲ್ಲಿ, ಮೈ ಬಗ್ಗಿಸುವುದು, ಆಕಳಿಸುವುದು, ಕೆಮ್ಮುವುದು ಇವುಗಳ ಜತೆಯಲ್ಲಿ, ಕೂಸು ಅಕಸ್ಮಾತ್ತಾಗಿ ಧಾತ್ರಿಯನ್ನು ಅಪ್ಪಿಕೊಳ್ಳುವುದೆಂಬುದೂ ಒಂದು. ಮೈ ಬಿಸಿಯೇರುವ ಮೊದಲೇ ಕಾಣುವ ಈ ಚಿಹ್ನೆಯನ್ನು ಆಗೀಗ ಬಂದು ಹೋಗುವ ವೈದ್ಯನು ಕಾಣಲಾರ. ಅದು ಅಪ್ಪಿಸಿಕೊಂಡವಳಿಗೇ ಗೋಚರವಾಗತಕ್ಕದ್ದು. ವೇದನಾಧ್ಯಾಯದ ಬಹುಭಾಗವು ಧಾತ್ರಿಯರ ಬಾಯಿಂದ ಸಂಗ್ರಹವಾದುದೆಂದು ಊಹಿಸುವುದಕ್ಕೆ ಇಂತಹ ಅಂಶಗಳೇ ಆಧಾರ.

ಇನ್ನು ಭಯದ ವಿಷಯ. ಪ್ರಕೃತಕ್ಕೆ ಇದೇ ಮುಖ್ಯವಾದುದು. ಚರಕನು ಆಟಿಕೆಗಳನ್ನು ಹೇಳುವಾಗ ಅವು ಬಣ್ಣಬಣ್ಣವಾಗಿಯೂ ಸದ್ದುಮಾಡುವಂತೆಯೂ ಹಗುರವಾಗಿಯೂ ಇರಬೇಕು, ಮೊನಚಾಗಿರಬಾರದು, ಬಾಯೊಳಗೆ ಹೋಗುವಂತಿರಬಾರದು, ಪ್ರಾಣಕ್ಕೆ ಅಪಾಯವನ್ನು ತರಬಾರದು, ಹೆದರಿಕೆಯನ್ನು ಹುಟ್ಟಿಸಬಾರದು ಎಂದು ಎಣಿಸುತ್ತಾನೆ. ಒಡನೆಯೇ ಮಗುವನ್ನು ಹೆದರಿಸುವುದು ಒಳಿತಲ್ಲವೆಂದು ಸಾಮಾನ್ಯವಾಗಿ ಹೇಳಿ, ಅದು ಅಳುತ್ತಿರುವಾಗಲಾಗಲಿ, ಉಣ್ಣದಿರುವಾಗಲಾಗಲಿ, ಹೇಳಿದ ಮಾತನ್ನು ಕೇಳದಿರುವಾಗಲಾಗಲಿ, ರಾಕ್ಷಸ ಪಿಶಾಚ ಪೂತನೆ ಮುಂತಾದವರ ಹೆಸರನ್ನು ಹೇಳಿ ಕರೆದು ಬೆದರಿಸಲಾಗದೆಂದು ನಿಷೇಧಿಸುವನು. ಸುಶ್ರುತನ ವಿಧಿಯೂ ಇದೇ ದಾರಿಯಲ್ಲಿದೆ: ಕೂಸನ್ನು ಮೈಗೆ ಹಿತವಾಗುವಂತೆ ಎತ್ತಿಕೊಳ್ಳಬೇಕು, ಗದರಿಸಬಾರದು, ಬೆಚ್ಚಿಬೀಳುವಂತೆ ತಟ್ಟನೆ ಎಬ್ಬಿಸಬಾರದು, ಸರಕ್ಕನೆ ಎಳೆದುಕೊಳ್ಳುವುದಾಗಲಿ ಮೇಲಕ್ಕೆ ಎಸೆಯುವುದಾಗಲಿ ಕೂಡದು, ಅದಕ್ಕೆ ಪ್ರಿಯವಾದವುಗಳಿಂದಲೇ ನಿತ್ಯವೂ ಅನುಸರಿಸಿಕೊಂಡು ಹೋಗಬೇಕು. ಮನಸ್ಸಿಗೆ ಪೆಟ್ಟುಬೀಳದೆ ಬೆಳೆದ ಮಗುವೇ ಸತ್ತ್ವವುಳ್ಳದ್ದೂ ನಿರೋಗಿಯೂ ಪ್ರಸನ್ನಚಿತ್ತವುಳ್ಳದ್ದೂ ಆಗುವುದೆಂದು ಅವನು ಫಲವನ್ನು ಹೇಳಿರುವನು. ಪೆಟ್ಟು ಮೈಗಲ್ಲದೆ ಮನಸ್ಸಿಗೂ ಬೀಳುವುದೆಂಬ ಭಾವನೆ ಇಲ್ಲಿ ಅಲಂಕಾರವಾಗಿ ಬಂದಿಲ್ಲ. ಶಿಶುಪಾಲನೆಯ ವಿಧಿಯಾಗಿ ಬಂದಿದೆ.

ಹಾಗಾದರೆ ಗ್ರಹಗಳ ಗತಿಯೇನು? ಸುಶ್ರುತಸಂಹಿತೆಯ ಉತ್ತರತಂತ್ರದಲ್ಲಿ ೨೭ರಿಂದ ೩೭ರವರೆಗೆ ಹನ್ನೊಂದು ಅಧ್ಯಾಯಗಳು ಒಂಬತ್ತು ಬಾಲಗ್ರಹಗಳಿಗೆ ಮೀಸಲಾಗಿವೆ. ವಾಗ್ಭಟನ ಅಷ್ಟಾಂಗಹೃದಯದಲ್ಲಿ ಅವು ಹನ್ನೆರಡಾಗಿವೆ. ಪರಿಷೇಕ, ಅಭ್ಯಂಗ, ಧೂಪ, ಬಲಿ ಎಂದು ಚಿಕಿತ್ಸೆಯು ವಿಸ್ತಾರವಾಗಿ ಹೊರಡುತ್ತದೆ. ಆದರೆ ಗ್ರಹಗಳು ಯಾವ ಮಕ್ಕಳನ್ನು ಹಿಡಿಯುವುವೆಂದು ಉತ್ತರತಂತ್ರವು ಹೇಳುವ ಸ್ಥಳವು ಪರಾಂಬರಿಸತಕ್ಕದ್ದಾಗಿದೆ. ಧಾತ್ರಿಯೂ ತಾಯಿಯೂ ಅಪಚಾರವನ್ನೆಸಗಿದ, ಶೌಚವೂ ಮಂಗಳಾಚಾರವೂ ತಪ್ಪಿದ ಮಕ್ಕಳೊಡನೆ, ಹೆದರಿದ ಮಕ್ಕಳೂ ಗದರಿಸಲ್ಪಟ್ಟ ಮಕ್ಕಳೂ ಅಲ್ಲಿ ಎಣಿಕೆಯಾಗಿದ್ದಾರೆ. ಎಂದರೆ ಗ್ರಹವು ಹೊರಗಿನಿಂದ ಬಂದರೂ ಅದಕ್ಕೆ ಬಾಗಿಲನ್ನು ತೆರೆಯುವುದು ಮನೆಯೊಳಗಿನ ಭಯವೇ. ಗ್ರಹವನ್ನು ನಂಬಿದ ವೈದ್ಯನೂ ಅದರ ಹೆಸರನ್ನು ಮಗುವಿನೆದುರಿಗೆ ಎತ್ತಬೇಡವೆನ್ನುವನು. ಈ ಎರಡು ಮಾತುಗಳನ್ನು ಒಟ್ಟಿಗೆ ಓದದಿದ್ದರೆ ಬಾಲಗ್ರಹಪ್ರಕರಣವು ಅರ್ಥವಾಗುವುದಿಲ್ಲ. ಗ್ರಹೋತ್ಪತ್ತಿಯ ಕಥೆಯಲ್ಲಿ ಇವರೆಲ್ಲರೂ ಮೊದಲು ಬಾಲಗುಹನ ಕಾವಲಿಗೆ ಸೃಷ್ಟಿಯಾದವರು, ಕಾಪಾಡಬಂದವರೇ ತರುವಾಯ ಕಾಡತೊಡಗಿದವರು ಎಂಬುದನ್ನೂ ನೆನೆಯಬಹುದು. ಭಾಗವತದ ಪೂತನೆಯು ಮೊಲೆಯೂಡಿಸುವ ನೆವದಿಂದಲೇ ಗೋಕುಲಕ್ಕೆ ಬರುವಳು. ಕೂಸನ್ನು ಪರರ ಮಡಿಲಿಗೆ ಕೊಟ್ಟವರ ಅಳುಕು ಈ ಕಥೆಗಳಿಗೆ ಎಷ್ಟುಮಟ್ಟಿಗೆ ಮೂಲವಾಗಿರಬಹುದೆಂಬುದು ಯೋಚಿಸತಕ್ಕ ವಿಷಯ.

ಕನ್ನಡದಲ್ಲಿ ಈ ಪರಂಪರೆಯ ಗ್ರಹಭಾಗವು ಪ್ರತ್ಯೇಕ ಗ್ರಂಥವಾಗುವಷ್ಟು ಬೆಳೆಯಿತು. ಕ್ರಿ. ಶ. ೧೨೦೦ರ ಸುಮಾರಿನವನೆನ್ನಲಾದ ಜೈನಕವಿ ದೇವೇಂದ್ರಮುನಿಯ ಬಾಲಗ್ರಹಚಿಕಿತ್ಸೆಯು ಸಾಹಿತ್ಯಚರಿತ್ರೆಗಳಲ್ಲಿ ಹೆಸರಾದುದು. ಮಗುವನ್ನು ಹೆದರಿಸಬಾರದೆಂಬ ಭಾಗವನ್ನು ಹುಡುಕಹೊರಟರೆ ಅದು ವೈದ್ಯಗ್ರಂಥಗಳಿಗಿಂತ ಬೇರೆಡೆಯಲ್ಲಿ ನಮಗೆ ಎದುರಾಗುವುದು. ಪುರಂದರದಾಸರ ಹೆಸರಿನಲ್ಲಿ ಪ್ರಸಿದ್ಧವಾದ ಗುಮ್ಮನ ಕೀರ್ತನೆಯನ್ನು ಅರಿಯದ ಕನ್ನಡಿಗರು ಕಡಮೆ. ಗುಮ್ಮನನ್ನು ಕರೆಯುವೆನೆಂದು ಬೆದರಿಸುವ ತಾಯಿಗೆ ಬಾಲಕೃಷ್ಣನು, ಅಳುವುದನ್ನು ಬಿಡುವುದಾಗಿಯೂ ಉಣ್ಣುವುದಾಗಿಯೂ ಒಪ್ಪಿಕೊಂಡು ಬೇಡಿಕೊಳ್ಳುವನು. ಅಳುವುದು, ಉಣ್ಣದಿರುವುದು ಎಂದು ಚರಕನು ಎಣಿಸಿದ ಸಂದರ್ಭಗಳೇ ಇಲ್ಲಿಯೂ ಇವೆ! ದಾಸರು ಚರಕಸಂಹಿತೆಯನ್ನು ನೋಡಿ ಬರೆದರೆಂದು ಯಾರೂ ಹೇಳಲಾರರು, ಹೇಳಬೇಕಾಗಿಯೂ ಇಲ್ಲ. ತಾಯಂದಿರ ಬೆದರಿಕೆಯು ಎರಡು ಕಾಲದಲ್ಲಿಯೂ ಒಂದೇ ಆಗಿದ್ದಿತು. ಭೇದವಿರುವುದು ಒಂದೇ: ಸಂಹಿತೆಯಲ್ಲಿ ವೈದ್ಯನು ನಿಷೇಧಿಸುವನು, ಕೀರ್ತನೆಯಲ್ಲಿ ಹೆದರಿದ ಮಗುವೇ ಬಾಯಿಬಿಟ್ಟು ಕೇಳುವುದು. ಪಾಠ ಹೇಳುವವರು ಈ ಕೀರ್ತನೆಯನ್ನು ಬರಿಯ ವಾತ್ಸಲ್ಯರಸಕ್ಕೆ ಉದಾಹರಣೆಯಾಗಿ ಎತ್ತಿಕೊಳ್ಳುವುದು ರೂಢಿ. ಅದರಲ್ಲಿರುವ ಭಯವೂ ಎಣಿಕೆಗೆ ಬರಬೇಕು.

ಇಷ್ಟರಿಂದ ಪ್ರಾಚೀನರಿಗೆ ಆಧುನಿಕ ಶಿಶುಮನಃಶಾಸ್ತ್ರವು ತಿಳಿದಿತ್ತೆಂದು ಸಾಧಿಸಿದಂತಾಗುವುದಿಲ್ಲ. ಒಂದು ನಿದರ್ಶನದಿಂದ ಇದು ತಿಳಿಯುವುದು. ಕೂಸಿಗೆ ಹಲವರು ಧಾತ್ರಿಯರ ಹಾಲನ್ನು ಕೊಡಿಸಲಾಗದೆಂದು ಸುಶ್ರುತನು ಹೇಳುವನು. ಜಾನ್ ಬೌಲ್ಬಿಯವರು ವಿಶ್ವ ಆರೋಗ್ಯ ಸಂಸ್ಥೆಗಾಗಿ ಬರೆದು ೧೯೫೧ರಲ್ಲಿ ಪ್ರಕಟವಾದ ಗ್ರಂಥದಲ್ಲಿ, ಶಿಶುವಿಗೆ ತಾಯಿಯೊಡನೆಯಾಗಲಿ ತಾಯಿಯ ಸ್ಥಾನದಲ್ಲಿ ಸ್ಥಿರವಾಗಿ ನಿಂತವಳೊಡನೆಯಾಗಲಿ ಎಡೆಬಿಡದ ಸಂಬಂಧವಿರುವುದು ಮನಸ್ಸಿನ ಆರೋಗ್ಯಕ್ಕೆ ಅವಶ್ಯಕವೆಂದು ಪ್ರತಿಪಾದಿಸಿದರು. ವಿಧಿಗಳು ಮೇಲುನೋಟಕ್ಕೆ ಒಂದೇ. ಆದರೆ ಸುಶ್ರುತನು ಕೊಡುವ ಕಾರಣವು ಬೇರೆ ಬೇರೆ ಹಾಲುಗಳು ಕೂಸಿಗೆ ಒಗ್ಗುವುದಿಲ್ಲವೆಂಬುದು. ಅಗಲಿಕೆಯ ದುಃಖವು ಅವನ ಮಾತಿನಲ್ಲಿಲ್ಲ. ವಿಧಿಯ ಸಾಮ್ಯವನ್ನು ಕಂಡು ಕಾರಣದ ಸಾಮ್ಯವನ್ನೂ ಊಹಿಸುವುದು ಚರಿತ್ರಕಾರನಿಗೆ ಸಲ್ಲದು.

ಕಡೆಯದಾಗಿ ಮೌನದ ವಿಷಯ. ಧಾತ್ರಿಯ ಲಕ್ಷಣಗಳಲ್ಲಿ ಚರಕ ಸುಶ್ರುತರಿಬ್ಬರೂ ಹೇಳುವ ಮತ್ತೊಂದು ವಿಶೇಷಣ ಜೀವದ್ವತ್ಸೆ, ಎಂದರೆ ಬದುಕಿರುವ ಕೂಸುಳ್ಳವಳು. ಚರಕನು ಅದು ಗಂಡಾಗಿರಬೇಕೆಂದೂ ಸೇರಿಸುವನು. ತನ್ನ ಕೂಸು ಬದುಕಿರುವುದು ಅವಳ ಹಾಲಿನ ಗುಣಕ್ಕೆ ಪ್ರಮಾಣವೆಂಬುದು ಅವರ ಆಶಯವಾಗಿರಬಹುದು. ಆದರೆ ಆ ಕೂಸಿಗೆ ಇನ್ನು ಮುಂದೆ ಹಾಲೂಡಿಸುವವರು ಯಾರು? ಮಗುವನ್ನು ನೆನೆದ ಮಾತ್ರಕ್ಕೆ ಹಾಲು ಸ್ರವಿಸುವುದೆಂದೂ ಶೋಕದಿಂದ ಹಾಲು ಬತ್ತುವುದೆಂದೂ ಬಲ್ಲವರು, ಪರರ ಮನೆಯಲ್ಲಿ ಪರರ ಕೂಸನ್ನು ಎತ್ತಿಕೊಂಡವಳು ಯಾವ ಮಗುವನ್ನು ನೆನೆದಾಳೆಂದು ಆ ಪ್ರಕರಣಗಳಲ್ಲಿ ಕೇಳಿಲ್ಲ. ಅವರ ಶಾಸ್ತ್ರದಿಂದಲೇ ಹುಟ್ಟಬೇಕಾಗಿದ್ದ ಪ್ರಶ್ನೆಯಿದು.

ಈ ಪ್ರಶ್ನೆಯನ್ನು ರಾಜ್ಯಶಾಸನವೊಂದು ಕೇಳಿದುದು ದೂರದ ಫ್ರಾನ್ಸಿನಲ್ಲಿ, ಬಹುಕಾಲದ ಮೇಲೆ. ಅಲ್ಲಿ ಹತ್ತೊಂಬತ್ತನೆಯ ಶತಮಾನದಲ್ಲಿ ಪಟ್ಟಣದ ಕೂಸುಗಳನ್ನು ಹಳ್ಳಿಯ ದಾದಿಯರಿಗೊಪ್ಪಿಸುವ, ಇಲ್ಲವೆ ಹಳ್ಳಿಯ ದಾದಿಯರನ್ನೇ ಪಟ್ಟಣದ ಮನೆಗಳಿಗೆ ಕರೆಸಿಕೊಳ್ಳುವ ಪದ್ಧತಿಯು ವಿಶೇಷವಾಗಿ ಹಬ್ಬಿದ್ದು, ಶಿಶುಮರಣವು ಅಧಿಕವಾಗಿದ್ದಿತು. ವೈದ್ಯರೂ ಶಾಸನಸಭೆಯ ಸದಸ್ಯರೂ ಆಗಿದ್ದ ಥಿಯೊಫೀಲ್ ರೂಸೆಲ್ಲರ ಪ್ರಯತ್ನದಿಂದ ೧೮೭೪ನೆಯ ಡಿಸೆಂಬರ್ ೨೩ರಂದು ಒಂದು ಶಾಸನವಾಯಿತು. ಒಡೆಯರ ಮನೆಯಲ್ಲಿದ್ದು ಮೊಲೆಯೂಡಿಸಲು ಹೊರಡುವ ಹೆಂಗಸು ತನ್ನೂರಿನ ಮೇಯರರಿಂದ ಒಂದು ಪ್ರಮಾಣಪತ್ರವನ್ನು ಪಡೆಯಬೇಕೆಂದು ಅದರ ಎಂಟನೆಯ ವಿಧಿಯು ಹೇಳುತ್ತದೆ. ಅವಳ ಕಡೆಯ ಕೂಸು ಬದುಕಿದೆಯೇ, ಅದಕ್ಕೆ ಏಳು ತಿಂಗಳು ತುಂಬಿದೆಯೇ, ತುಂಬದಿದ್ದರೆ ಬೇರೊಬ್ಬ ಹೆಂಗಸು ಅದಕ್ಕೆ ಹಾಲೂಡಿಸುತ್ತಿರುವಳೇ ಎಂಬ ವಿವರಗಳು ಆ ಪತ್ರದಲ್ಲಿರಬೇಕು. ಮೊದಲನೆಯ ಪ್ರಶ್ನೆಯು ಚರಕ ಸುಶ್ರುತರ ವಿಶೇಷಣದಲ್ಲಿಯೂ ಅಡಗಿದೆ. ಉಳಿದೆರಡು ಅಲ್ಲಿಲ್ಲ.