ರೈಲಿಲ್ಲದ ನಾಲ್ಕು ಊರು, ರಟ್ಟಿನದೊಂದು ಸ್ಟೇಷನ್

ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು: ಈ ನಾಲ್ಕೂ ಪೇಟೆಗಳಲ್ಲಿ ರೈಲ್ವೆ ಸ್ಟೇಷನ್ ಇಲ್ಲ. ರೈಲು ಹತ್ತಬೇಕಂದ್ರೆ ಬಸ್ಸು ಹಿಡಿದು ದಾವಣಗೆರೆಗೋ ಶಿವಮೊಗ್ಗಕ್ಕೋ ಹೋಗಬೇಕು. ದಾವಣಗೆರೆ ದಾಟಿ ಹರಿಹರದವರೆಗೆ ಮೀಟರ್ ಗೇಜ್ ರೈಲು ಬಂದದ್ದು 1889ರಲ್ಲಿ. ಬೀರೂರಿನಿಂದ ಶಿವಮೊಗ್ಗಕ್ಕೆ 1899ರಲ್ಲಿ.

ಆ ಕಾಲದ ಸಣ್ಣ ಸ್ಟೇಷನ್ನೊಂದನ್ನ ಮೇಜಿನ ಮೇಲೆ ಕಟ್ಟೋಕೆ ಹೊರಟಿದ್ದೀನಿ. ಮಾರಾಟಕ್ಕೆ ಸಿಗೋ ಕಿಟ್‌ಗಳೆಲ್ಲ ಹೆಚ್ಚಾಗಿ ಯುರೋಪು, ಅಮೆರಿಕದ ಕಟ್ಟಡಗಳವು. ನಮ್ಮದು ಬೇಕಂದ್ರೆ ರಟ್ಟು ಕತ್ತರಿಸಿ ನಾವೇ ಮಾಡಬೇಕು. ಅಳತೆ 1:87. ಎರಡು ಹಳಿ ನಡುವಿನ ಒಂದು ಮೀಟರು 11.5 ಮಿ.ಮೀ. ಆಗುತ್ತೆ, ಏಳಡಿ ಬಾಗಿಲು 24.5 ಮಿ.ಮೀ.

ಕಟ್ಟೋವಾಗ ಪ್ರತಿಯೊಂದಕ್ಕೂ ಕಾಲ ಕೇಳಬೇಕಾಗುತ್ತೆ. ಮಂಗಳೂರು ಹಂಚು ಹಾಕಬಹುದಾ? ಹಾಕಬಹುದು. ಬಾಸೆಲ್ ಮಿಷನ್‌ನವರು ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ಶುರುಮಾಡಿದ್ದು 1865ರಲ್ಲೇ. ಬ್ರಾಡ್ ಗೇಜ್ ಹಳಿ ಇಡಬಹುದಾ? ಇಟ್ಟರೆ ಸುಳ್ಳಾಗುತ್ತೆ. ಹರಿಹರದ ಹಾದಿ ಬ್ರಾಡ್ ಗೇಜ್ ಆದದ್ದು 1990ರ ದಶಕದಲ್ಲಿ.

ಕಷ್ಟ ಇರೋದು ಗೋಡೆಯ ಅಳತೆಯಲ್ಲಿ. ಗೇಜ್ ಬದಲಾದಾಗ, ಜೋಡಿ ಹಳಿ ಬಂದಾಗ ಎಷ್ಟೋ ಕಡೆ ಹಳೇ ಕಟ್ಟಡ ಉಳಿಯಲ್ಲ. ಕೆಡವಿದ ಮೇಲೆ ಟೇಪು ಹಿಡಿಯೋದು ಎಲ್ಲಿ? ಆಗ ಉಳಿಯೋದು ಮನೆಯ ಆಲ್ಬಮ್ಮು ಮಾತ್ರ. ಸ್ಟೇಷನ್ ಗೋಡೆಗೆ ಒರಗಿ ಅಜ್ಜ ನಿಂತ ಫೋಟೋ ಇದ್ದರೆ ಬಿಸಾಡಬೇಡಿ. ಅಜ್ಜನ ಎತ್ತರ ಗೊತ್ತಿದ್ದರೆ ಆ ಗೋಡೆಯ ಎತ್ತರವೂ ಸುಮಾರಾಗಿ ಸಿಗುತ್ತೆ.