ಅಲೈಡ್ ಹೆಲ್ತ್ ಸೈನ್ಸಸ್ ಪದವಿ: ಪ್ರವೇಶಕ್ಕೆ ಮುನ್ನ ತಿಳಿಯಬೇಕಾದ ಅಂಶಗಳು

ಆಸ್ಪತ್ರೆಯ ಪ್ರಯೋಗಾಲಯ, ಎಕ್ಸ್-ರೇ ಮತ್ತು ಸ್ಕ್ಯಾನಿಂಗ್, ಡಯಾಲಿಸಿಸ್, ಅರಿವಳಿಕೆ ಮುಂತಾದ ವಿಭಾಗಗಳಲ್ಲಿ ಕಾರ್ಯನಿರ್ವಹಿಸುವ ತಂತ್ರಜ್ಞರಿಗಾಗಿ ಪ್ರತ್ಯೇಕ ಬಿ.ಎಸ್ಸಿ. ಪದವಿಗಳಿವೆ.

1. ಅರ್ಹತೆ: ದ್ವಿತೀಯ ಪಿ.ಯು.ಸಿ.ಯಲ್ಲಿ ಸಾಮಾನ್ಯವಾಗಿ ಭೌತಶಾಸ್ತ್ರ, ರಸಾಯನಶಾಸ್ತ್ರ ಮತ್ತು ಜೀವಶಾಸ್ತ್ರ ವ್ಯಾಸಂಗ ಮಾಡಿರಬೇಕು. ಆದ್ದರಿಂದ ಎಸ್.ಎಸ್.ಎಲ್.ಸಿ. ನಂತರ ವಿಷಯಗಳನ್ನು ಆರಿಸುವಾಗಲೇ ಯೋಚಿಸುವುದು ಸೂಕ್ತ.

2. ಅವಧಿ: ಬಹುತೇಕ ಬಿ.ಎಸ್ಸಿ. ಕೋರ್ಸುಗಳಿಗೆ 3 ವರ್ಷಗಳ ವ್ಯಾಸಂಗ ಹಾಗೂ 1 ವರ್ಷದ ಇಂಟರ್ನ್‌ಶಿಪ್ ಇರುತ್ತದೆ. ಕುಟುಂಬದ ಖರ್ಚನ್ನು ಪೂರ್ಣಾವಧಿಗೆ ಲೆಕ್ಕ ಹಾಕತಕ್ಕದ್ದು.

3. ಮಾನ್ಯತೆ: 1996ರಲ್ಲಿ ಸ್ಥಾಪನೆಯಾದ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯವು ಸಂಯೋಜಿತ ಕಾಲೇಜುಗಳ ಪಟ್ಟಿಯನ್ನು ಕೋರ್ಸುವಾರು ಪ್ರಕಟಿಸುತ್ತದೆ. ಕಾಲೇಜಿಗೆ ಒಂದು ಕೋರ್ಸಿನ ಮಾನ್ಯತೆ ಇದ್ದ ಮಾತ್ರಕ್ಕೆ ಅಲ್ಲಿನ ಎಲ್ಲ ಕೋರ್ಸುಗಳಿಗೂ ಮಾನ್ಯತೆ ಇದೆಯೆಂದು ಭಾವಿಸತಕ್ಕದ್ದಲ್ಲ. 2021ರ ರಾಷ್ಟ್ರೀಯ ಕಾಯ್ದೆಯು ಈ ವೃತ್ತಿಗಳಿಗೆ ನೋಂದಣಿ ವ್ಯವಸ್ಥೆಯನ್ನು ತಂದಿದೆ. ಮಾನ್ಯತೆಯಿಲ್ಲದ ಪ್ರಮಾಣಪತ್ರದಿಂದ ಹಣ ಮತ್ತು ವರ್ಷಗಳು ಎರಡೂ ವ್ಯರ್ಥವಾಗಬಹುದು.

4. ಕಾಲೇಜಿನ ಆಯ್ಕೆ: ಪ್ರಾಯೋಗಿಕ ತರಬೇತಿ ಯಾವ ಆಸ್ಪತ್ರೆಯಲ್ಲಿ ದೊರೆಯುವುದೆಂದು ವಿಚಾರಿಸಿ. ಬಳೇಪೇಟೆ, ಚಿಕ್ಕಪೇಟೆ, ಚಾಮರಾಜಪೇಟೆ ನಿವಾಸಿಗಳಿಗೆ ಬೆಂಗಳೂರು ವೈದ್ಯಕೀಯ ಕಾಲೇಜು ಮತ್ತು ಸಂಶೋಧನಾ ಸಂಸ್ಥೆಯು ಸಮೀಪದಲ್ಲಿದೆ. ವಿಕ್ಟೋರಿಯಾ, ವಾಣಿವಿಲಾಸ ಮತ್ತು ಮಿಂಟೋ ಆಸ್ಪತ್ರೆಗಳು ಇದಕ್ಕೆ ಸೇರಿವೆ.

5. ವಿದ್ಯಾರ್ಥಿವೇತನ: ಅರ್ಹರು ರಾಜ್ಯ ವಿದ್ಯಾರ್ಥಿವೇತನ ತಂತ್ರಾಂಶದಲ್ಲಿ ಅರ್ಜಿ ಸಲ್ಲಿಸಬಹುದು. ಜಾತಿ ಮತ್ತು ಆದಾಯ ಪ್ರಮಾಣಪತ್ರಗಳನ್ನು ನಾಡಕಚೇರಿಯಿಂದ ಮುಂಚಿತವಾಗಿ ಪಡೆದಿರುವುದು ಒಳಿತು.

ಸೂಚನೆ: ಪ್ರವೇಶದ ವಿಧಾನ ಮತ್ತು ಶುಲ್ಕವನ್ನು ಆಯಾ ವರ್ಷದ ಅಧಿಸೂಚನೆಯಲ್ಲಿ ಪರಿಶೀಲಿಸಿದ ನಂತರವೇ ಹಣ ಪಾವತಿಸಿ, ರಸೀದಿ ಪಡೆಯತಕ್ಕದ್ದು.